ಸಿದ್ದಾಪುರ ಪೇಟೆಯ ಜೆರಾಕ್ಸ್ ಅಂಗಡಿ, ಓಟರ್ ಲಿಸ್ಟಿಗೆ ಹೆಸ್ರು ಸೇರ್ಸೋರಿಗೆ

ಜೆರಾಕ್ಸ್ ಒಂದಕ್ಕೆ 2 ರೂಪಾಯಿ, ಕಲರ್ ಪ್ರಿಂಟ್ 10, ಪಾಸ್‌ಪೋರ್ಟ್ ಸೈಜ್ ಫೋಟೋ ಎಂಟಕ್ಕೆ 60, ಆರ್‌ಟಿಸಿ ತೆಗ್ಸೋಕೆ 30, ಲ್ಯಾಮಿನೇಶನ್ 20. ಇಷ್ಟು ಬರೆದು ಅದರ ಕೆಳಗೆ ದಪ್ಪ ಅಕ್ಷರದಲ್ಲಿ 'ಓಟರ್ ಲಿಸ್ಟ್ ಕೆಲ್ಸಕ್ಕೆ ದುಡ್ಡಿಲ್ಲ' ಅಂತ ಹಾಕಿರೋ ರೇಟ್ ಬೋರ್ಡ್ ನಾನು ನೋಡಿದ್ದು ಕೊಡಗಿನ ಸಿದ್ದಾಪುರ ಪೇಟೆಯ ಈ ಒಂದೇ ಅಂಗಡೀಲಿ. ಅಂಗಡಿ ಹೆಸ್ರು ಹಾಕ್ಬೇಡಿ ಅಣ್ಣ, ಆಮೇಲೆ ಊರೂರಿಂದ ಫೋನ್ ಬರುತ್ತೆ ಅಂತ ಅಂಗಡಿ ನಡೆಸೋ ಅಕ್ಕನೇ ಹೇಳಿರೋದ್ರಿಂದ ಹಾಕ್ತಿಲ್ಲ. ಬಸ್ ಸ್ಟ್ಯಾಂಡಲ್ಲಿ ಇಳಿದು ಆಟೋದವ್ರನ್ನ 'ಓಟರ್ ಐಡಿ ಅಕ್ಕನ ಅಂಗಡಿ ಎಲ್ಲಿ' ಅಂತ ಕೇಳಿ, ತೋರಿಸ್ತಾರೆ. ಕೆಳಗೆ ಗೊಬ್ಬರದ ಅಂಗಡಿ, ಪಕ್ಕದಲ್ಲಿ ಕಿರಿದಾದ ಮೆಟ್ಲು, ಹತ್ತಿದ್ರೆ ಒಂದೇ ಒಂದು ರೂಮು.

ನಾನು ಸಿದ್ದಾಪುರದಿಂದ ಏಳೆಂಟು ಕಿಲೋಮೀಟರ್ ದೂರ ಒಂದು ಕಾಫಿ ತೋಟದಲ್ಲಿ ರೈಟರ್. ಕೊಡಗಿನ ಹೊರಗಿನವ್ರಿಗೆ ಈ ಪದ ಗೊತ್ತಿರಲ್ಲ, ಬೆಳಿಗ್ಗೆ ಎಲ್ಲರ ಹಾಜರಿ ಹಾಕೋದು, ಕುಯ್ಲಿನ ಟೈಮಲ್ಲಿ ಸಂಜೆ ಯಾರು ಎಷ್ಟು ಕೆಜಿ ಹಣ್ಣು ಕುಯ್ದ್ರು ಅಂತ ತೂಕ ಬರ್ಕೊಳೋದು, ವಾರದ ಕೊನೆಗೆ ಬಟವಾಡೆ ಲೆಕ್ಕ ಮಾಡೋದು, ಇದು ರೈಟರ್ ಕೆಲ್ಸ. ನಮ್ಮಪ್ಪನೂ ಇದೇ ತೋಟದಲ್ಲಿ ಕಪಾತು, ಅಂದ್ರೆ ಗಿಡದ ರೆಂಬೆ ಸವರೋ ಕೆಲ್ಸ, ಮಾಡ್ಕೊಂಡಿದ್ದೋರು, ನಮ್ಮಜ್ಜ ಹುಣಸೂರು ಕಡೆಯಿಂದ ಹಣ್ಣು ಕುಯ್ಯೋಕೆ ಅಂತ ಬಂದು ಇಲ್ಲೇ ನಿಂತೋರು, ನಾನು ಹುಟ್ಟಿದ್ದು ಲೈನ್ ಮನೇಲಿ, ಅಂದ್ರೆ ತೋಟದವ್ರು ಕೆಲ್ಸದವ್ರಿಗೆ ಕಟ್ಸಿರೋ ಸಾಲು ಮನೇಲಿ. ಇದೆಲ್ಲ ಯಾಕೆ ಹೇಳ್ತಿದೀನಿ ಅಂದ್ರೆ ಈ ಅಂಗಡಿಗೆ ನಾನು ಹೋಗಿದ್ದು ನನ್ನ ಕೆಲ್ಸಕ್ಕಲ್ಲ, ನಮ್ಮ ಲೈನಿನ ಒಬ್ರು ಎರವ ಬುಡಕಟ್ಟಿನ ಅಜ್ಜಿಗೋಸ್ಕರ.

2023ರ ಮೇ 10, ವಿಧಾನಸಭೆ ಎಲೆಕ್ಷನ್ ದಿನ. ಅಜ್ಜಿ ಬೆಳಿಗ್ಗೇನೇ ತಲೆ ಬಾಚಿ, ಒಳ್ಳೆ ಸೀರೆ ಉಟ್ಟು, ಹಳೇ ಓಟರ್ ಕಾರ್ಡನ್ನ ಎಲೆ ಅಡಿಕೆ ಚೀಲದಲ್ಲಿ ಇಟ್ಕೊಂಡು ಮೂರು ಕಿಲೋಮೀಟರ್ ನಡ್ಕೊಂಡು ಬೂತಿಗೆ ಹೋದ್ರು. ಅಲ್ಲಿ ಲಿಸ್ಟ್ ತಿರುಗ್ಸಿ ನೋಡಿ ನಿಮ್ಮ ಹೆಸ್ರಿಲ್ಲ ಅಂದ್ರಂತೆ. ಅಜ್ಜಿ ಮುಂಚೆ ಬೇರೆ ತೋಟದಲ್ಲಿದ್ರು, ಅಲ್ಲಿಂದ ನಮ್ಮ ತೋಟಕ್ಕೆ ಬಂದ ಮೇಲೆ ಅಲ್ಲಿನ ಲಿಸ್ಟಿಂದ 'ಊರು ಬಿಟ್ಟಿದ್ದಾರೆ' ಅಂತ ತೆಗ್ದಿದ್ರು, ಇಲ್ಲಿ ಯಾರೂ ಸೇರ್ಸಿರ್ಲಿಲ್ಲ. ಕಾರ್ಡ್ ಕೈಯಲ್ಲಿದ್ರೆ ಆಯ್ತು ಅಂತ ನಾನೂ ಅಂದ್ಕೊಂಡಿದ್ದೆ. ಕಾರ್ಡಿಗಿಂತ ಲಿಸ್ಟ್ ಮುಖ್ಯ, ಲಿಸ್ಟಲ್ಲಿ ಹೆಸ್ರಿದ್ರೆ ಬೇರೆ ಗುರುತಿನ ಚೀಟಿ ತೋರ್ಸಿ ಓಟು ಹಾಕ್ಬಹುದು, ಹೆಸ್ರೇ ಇಲ್ದಿದ್ರೆ ಕಾರ್ಡಿದ್ರೂ ಆಗಲ್ಲ. ಅಜ್ಜಿ ಮಧ್ಯಾಹ್ನ ವಾಪಸ್ ಬಂದು ಜಗಲಿ ಮೇಲೆ ಕೂತ್ಕೊಂಡ್ರು, ಯಾರ ಹತ್ರಾನೂ ಮಾತಾಡ್ಲಿಲ್ಲ, ಸಂಜೆವರೆಗೂ ಆ ಸೀರೆ ಬದಲಾಯಿಸ್ಲಿಲ್ಲ.

ಆಮೇಲೆ ಒಂದು ಕಚೇರಿಗೆ ಎರಡು ಸಲ ಕರ್ಕೊಂಡು ಹೋದೆ. ಮೊದಲ ಸಲ ಅಡ್ರೆಸ್ ಪ್ರೂಫ್ ಇಲ್ಲ ಅಂದ್ರು, ಆಧಾರ್‌ನಲ್ಲಿ ಹಳೇ ತೋಟದ ಅಡ್ರೆಸ್ ಇತ್ತು. ಎರಡನೇ ಸಲ ತೋಟದ ಮಾಲೀಕರಿಂದ ಲೆಟರ್ ತನ್ನಿ ಅಂದ್ರು. ಸಾವ್ಕಾರ್ರನ್ನ ಕೇಳಿದ್ರೆ, ಲೆಟರ್ ಕೊಟ್ರೆ ನಾಳೆ ಲೈನ್ ಮನೆ ನಂದೇ ಅಂತ ಕೇಸ್ ಹಾಕಲ್ವಾ ಅಂತ ಹಿಂದೆ ಮುಂದೆ ನೋಡಿದ್ರು. ಅವ್ರು ಕೆಟ್ಟವ್ರಲ್ಲ, ಆದ್ರೆ ಈ ಭಯ ಕೊಡಗಲ್ಲಿ ಸುಮಾರು ತೋಟದವ್ರಿಗಿದೆ, ಇದರಿಂದ್ಲೇ ಎಷ್ಟೋ ಲೈನ್‌ಗಳಲ್ಲಿ ಇಪ್ಪತ್ತು ವರ್ಷ ದುಡಿದೋರ ಹೆಸ್ರೂ ಲಿಸ್ಟಲ್ಲಿ ಇರಲ್ಲ.

ಆಗ ಗೊಬ್ಬರ ತರೋಕೆ ಹೋದಾಗ ಮೇಲಿನ ಅಂಗಡಿ ಬೋರ್ಡ್ ಕಣ್ಣಿಗೆ ಬಿತ್ತು. ಮಾರನೇ ದಿನ ಅಜ್ಜೀನ ಕರ್ಕೊಂಡು ಹೋದೆ. ಅಕ್ಕ ನಮ್ಮಿಬ್ರನ್ನೂ ಬೆಂಚಲ್ಲಿ ಕೂರಿಸಿದ್ರು, ಕಾಗದ ಪತ್ರ ಏನೂ ಕೇಳ್ಲಿಲ್ಲ, ಅಜ್ಜಿ ಕಡೆ ತಿರುಗಿ ಒಂದೇ ಪ್ರಶ್ನೆ ಕೇಳಿದ್ರು. "ಅಜ್ಜಿ, ರಾತ್ರಿ ಎಲ್ಲಿ ಮಲಗ್ತೀರಿ?"

ಅಜ್ಜಿ ಗಾಬರಿಯಾಗಿ ನನ್ನ ಮುಖ ನೋಡಿದ್ರು. ನಮ್ಮ ತೋಟದ ಲೈನ್ ಮನೇಲಿ ಅಂತ ನಾನಂದೆ. ಎಷ್ಟು ವರ್ಷದಿಂದ ಅಂತ ಕೇಳಿದ್ರು, ಒಂಬತ್ತು ಅಂದೆ. "ಹಾಗಾದ್ರೆ ಓಟು ಅಲ್ಲೇ" ಅಂತ ಹೇಳಿ ಕೀಬೋರ್ಡ್ ಎಳ್ಕೊಂಡ್ರು.

ಅಕ್ಕ ಮೈಸೂರಲ್ಲಿ ಲಾ ಓದಿ, ಮದುವೆಯಾಗಿ ಇಲ್ಲಿಗೆ ಬಂದವ್ರು. ಕೋರ್ಟಿಗೆ ಹೋಗಲ್ಲ, ಅಂಗಡಿ ನಡೆಸ್ತಾರೆ. ಆ ದಿನ ಅವ್ರು ಹೇಳಿದ್ದನ್ನ ನನಗೆ ಅರ್ಥ ಆದಷ್ಟು ಬರೀತೀನಿ, ಯಾಕಂದ್ರೆ ಲೈನ್ ಮನೇಲಿರೋರಿಗೆಲ್ಲ ಇದು ಗೊತ್ತಿರ್ಬೇಕು. 1950ರ ಜನಪ್ರತಿನಿಧಿ ಕಾಯ್ದೇಲಿ ಓಟರ್ ಲಿಸ್ಟಿಗೆ ಸೇರೋಕೆ ಬೇಕಾಗಿರೋದು ಆ ಕ್ಷೇತ್ರದಲ್ಲಿ ನೀವು ಸಾಮಾನ್ಯವಾಗಿ ವಾಸ ಮಾಡ್ತಿರ್ಬೇಕು ಅನ್ನೋದು, ಮನೆ ನಿಮ್ಮದಾಗಿರ್ಬೇಕು ಅಂತಿಲ್ಲ. ಅಷ್ಟೇ ಅಲ್ಲ, ಅದೇ ಕಾಯ್ದೆಯ 20ನೇ ಸೆಕ್ಷನ್‌ನಲ್ಲಿ, ಒಂದು ಕಡೆ ಮನೆ ಇದೆ ಅನ್ನೋ ಒಂದೇ ಕಾರಣಕ್ಕೆ ಯಾರನ್ನೂ ಅಲ್ಲಿನ ವಾಸಿ ಅಂತ ಲೆಕ್ಕ ಹಿಡಿಯೋ ಹಾಗಿಲ್ಲ ಅಂತ ಬರೆದಿದೆ. ಅಂದ್ರೆ ಬೆಂಗಳೂರಲ್ಲಿದ್ಕೊಂಡು ವರ್ಷಕ್ಕೆರಡು ಸಲ ಬಂದು ಹೋಗೋ ಮಾಲೀಕರಿಗೆ ಬಂಗಲೆ ಇದ್ದಷ್ಟಕ್ಕೇ ಇಲ್ಲಿ ಓಟು ಸಿಗಲ್ಲ, ಆ ಬಂಗಲೆ ಕಸ ಗುಡಿಸಿ ಅಲ್ಲೇ ಹಿಂದುಗಡೆ ಮಲಗೋ ಹೆಂಗಸಿಗೆ ಸಿಗುತ್ತೆ. ಇದನ್ನ ಕೇಳ್ದಾಗ ನನಗೆ ಮೈ ಜುಂ ಅಂತು, ನಿಜವಾಗ್ಲೂ. ಮೂರು ತಲೆಮಾರಿಂದ ಬೇರೆಯವ್ರ ಮನೇಲಿ ಇರೋರು ನಾವು, ನಮಗೆ ಯಾವುದೂ ಸ್ವಂತ ಅಂತಿಲ್ಲ ಅಂತ ಕೇಳ್ಕೊಂಡೇ ಬೆಳೆದವ್ರು, ಆದ್ರೆ 1950ರಲ್ಲೇ ಯಾರೋ ಕೂತು ನಮ್ಮನ್ನೂ ನೆನಪಲ್ಲಿಟ್ಕೊಂಡು ಆ ಒಂದು ವಾಕ್ಯ ಬರೆದಿದ್ದಾರೆ ಅನ್ಸಿತು.

ಮಾಲೀಕರ ಲೆಟರ್ ಕಡ್ಡಾಯ ಅಲ್ಲ. ಹೊಸದಾಗಿ ಹೆಸ್ರು ಸೇರ್ಸೋ ಫಾರಂ 6ರಲ್ಲಿ ಕೇಳಿರೋ ಯಾವ ಪ್ರೂಫೂ ಇಲ್ದಿದ್ರೆ ಬಿಎಲ್‌ಓ, ಅಂದ್ರೆ ಆ ಬೂತಿನ ಲಿಸ್ಟ್ ನೋಡ್ಕೊಳೋ ಅಧಿಕಾರಿ, ಮನೆಗೆ ಬಂದು ನೋಡಿ ರಿಪೋರ್ಟ್ ಹಾಕ್ಬೇಕು. ಮನೇನೇ ಇಲ್ದೆ ಬಸ್ ಸ್ಟ್ಯಾಂಡಲ್ಲಿ, ಫುಟ್‌ಪಾತಲ್ಲಿ ಮಲಗೋರಿಗೂ ಓಟಿದೆ, ಅವ್ರಿಗೆ ರಾತ್ರಿ ಹೊತ್ತು ಹೋಗಿ ನೋಡೋ ಪದ್ಧತಿ ಇದೆ, ಪೇಪರ್ ಬೇಕಿಲ್ಲ. ಲಿಸ್ಟಲ್ಲಿ ಹೆಸ್ರು ಬಂದ ಮಾತ್ರಕ್ಕೆ ಜಾಗದ ಮೇಲೆ ಹಕ್ಕು ಬರಲ್ಲ ಅಂತ ಸಾವ್ಕಾರ್ರಿಗೆ ಹೇಳೋಕೆ ಒಂದು ಚೀಟೀಲಿ ಬರ್ದೂ ಕೊಟ್ರು. ಇನ್ನೊಂದು, ಅಜ್ಜಿ ಹೆಸ್ರನ್ನ ಹಳೇ ಲಿಸ್ಟಿಂದ ತೆಗೆಯೋ ಮುಂಚೆ ಅವ್ರ ಮಾತು ಹೇಳೋಕೆ ಅವಕಾಶ ಕೊಡ್ಬೇಕಿತ್ತಂತೆ, 22ನೇ ಸೆಕ್ಷನ್‌ನಲ್ಲೇ ಇದೆ. ಅಜ್ಜಿಗೆ ಯಾವ ನೋಟಿಸೂ ಬಂದಿರ್ಲಿಲ್ಲ.

ಫಾರಂ ಮುಗಿದ ಮೇಲೆ ಸಹಿ ಹಾಕೋ ಜಾಗದಲ್ಲಿ ಅಜ್ಜಿ ಕೈ ಹಿಂದಕ್ಕೆ ತಗೊಂಡ್ರು. ಹೆಬ್ಬೆಟ್ಟು ಒತ್ತೋಳು ನಾನು, ನಡೆಯುತ್ತಾ ಅಂತ ಸಣ್ಣ ದನೀಲಿ ಕೇಳಿದ್ರು. ಅಕ್ಕ ಇಂಕ್ ಪ್ಯಾಡ್ ಮುಂದಿಟ್ಟು, ಗೋಡೆ ಕಡೆ ಕೈ ತೋರ್ಸಿ, ಅಲ್ಲಿ ನೋಡಿ ಅಣ್ಣ, ಓದಿ ಹೇಳಿ ಅಜ್ಜಿಗೆ ಅಂದ್ರು.

ಆ ಗೋಡೆ ಬಗ್ಗೆ ಹೇಳ್ದೆ ಈ ರಿವ್ಯೂ ಮುಗಿಯಲ್ಲ. ಪ್ರಿಂಟರ್ ಹಿಂದೆ ಒಂದು ದೊಡ್ಡ ಚಾರ್ಟ್ ಪೇಪರ್, ಸ್ಕೆಚ್ ಪೆನ್ನಲ್ಲಿ ವರ್ಷ ವರ್ಷ ಹಾಕಿ ಓಟಿನ ಕಾನೂನಿನ ಕಥೆ ಬರೆದಿದ್ದಾರೆ, ಎಡಗಡೆ ನಮ್ಮ ದೇಶ, ಬಲಗಡೆ ಅಮೆರಿಕ. ಮಳೆಗಾಲದ ತೇವಕ್ಕೆ ಮೂಲೆ ಸುರುಟಿಕೊಂಡಿದೆ, ಅಲ್ಲಲ್ಲಿ ಬಣ್ಣ ಹರಡಿದೆ, ಆದ್ರೂ ಓದ್ಬಹುದು.

ಎಡಗಡೆ ಮೊದಲು ಬ್ರಿಟಿಷರ ಕಾಲ. 1935ರ ಕಾಯ್ದೇಲಿ ಓಟು ಅಂದ್ರೆ ಕಂದಾಯ ಕಟ್ಟೋರಿಗೆ, ಆಸ್ತಿ ಇರೋರಿಗೆ, ಓದಿರೋರಿಗೆ, ಹತ್ತು ಜನಕ್ಕೆ ಒಬ್ರೋ ಒಂದೂವರೆನೋ ಅನ್ನೋ ಲೆಕ್ಕ. ಕೊಡಗಿಗೆ 1924ರಿಂದ್ಲೇ ಲೆಜಿಸ್ಲೇಟಿವ್ ಕೌನ್ಸಿಲ್ ಇತ್ತು. ಆಮೇಲೆ 1950, ಸಂವಿಧಾನದ 326ನೇ ವಿಧಿ, 21 ತುಂಬಿದ ಎಲ್ಲರಿಗೂ ಓಟು. 325ನೇ ವಿಧಿ, ಧರ್ಮ, ಜಾತಿ, ಲಿಂಗ ನೋಡಿ ಯಾರನ್ನೂ ಲಿಸ್ಟಿಂದ ಹೊರಗಿಡೋ ಹಾಗಿಲ್ಲ, ಒಂದು ಕ್ಷೇತ್ರಕ್ಕೆ ಎಲ್ಲರಿಗೂ ಒಂದೇ ಲಿಸ್ಟು. ಅಕ್ಷರ ಬರ್ಬೇಕು ಅಂತ ಎಲ್ಲೂ ಹಾಕ್ಲಿಲ್ಲ. ಆಗ ದೇಶದಲ್ಲಿ ನೂರಕ್ಕೆ ಎಂಬತ್ತಕ್ಕಿಂತ ಜಾಸ್ತಿ ಜನಕ್ಕೆ ಓದೋಕೆ ಬರ್ತಿರ್ಲಿಲ್ಲ, ಅದಕ್ಕೇ ಗುರುತು ತಂದ್ರು, 1951-52ರ ಮೊದಲ ಎಲೆಕ್ಷನ್‌ನಲ್ಲಿ ಒಬ್ಬೊಬ್ಬ ಅಭ್ಯರ್ಥಿಗೂ ಬೇರೆ ಬೇರೆ ಪೆಟ್ಟಿಗೆ ಇಟ್ಟು ಅದರ ಮೇಲೆ ಗುರುತು ಅಂಟಿಸಿದ್ರು. ಕೊಡಗು ಆಗ ಬೇರೇನೇ ರಾಜ್ಯ, 24 ಸೀಟಿನ ವಿಧಾನಸಭೆ, ಕಾಂಗ್ರೆಸ್ಸಿಗೆ 15, ಪಂದ್ಯಂಡ ಬೆಳ್ಳಿಯಪ್ಪನವರ ತಕ್ಕಡಿ ಪಾರ್ಟಿಗೆ 9, ಸಿ.ಎಂ. ಪೂಣಚ್ಚ ಮುಖ್ಯಮಂತ್ರಿ, 1956ರ ನವೆಂಬರ್ 1ಕ್ಕೆ ಮೈಸೂರು ರಾಜ್ಯಕ್ಕೆ ಸೇರಿತು. ನಮ್ಮಜ್ಜ ಆ ಮೊದಲ ಎಲೆಕ್ಷನ್‌ನಲ್ಲಿ ಓಟು ಹಾಕಿದ್ರಂತೆ, ಸಾವ್ಕಾರ್ರ ಕೈಲಿರೋ ಕಾಗದನೂ ನನ್ನ ಕೈಲಿರೋ ಕಾಗದನೂ ಒಂದೇ ಥರ ಇತ್ತು ಕಣೋ ಅಂತ ಅಪ್ಪನ ಹತ್ರ ಹೇಳ್ತಿದ್ರಂತೆ. ಚಿಕ್ಕವನಾಗಿದ್ದಾಗ ಈ ಮಾತನ್ನ ಎಷ್ಟೋ ಸಲ ಕೇಳಿದ್ದೆ, ಆ ಚಾರ್ಟ್ ಮುಂದೆ ನಿಂತಾಗ್ಲೇ ಅದರ ತೂಕ ಗೊತ್ತಾಗಿದ್ದು.

ಬಲಗಡೆ ಅಮೆರಿಕದ್ದು. ಅಲ್ಲಿ 1870ರಲ್ಲೇ ಸಂವಿಧಾನದ 15ನೇ ತಿದ್ದುಪಡಿ ಬಂದು ಬಣ್ಣ ನೋಡಿ ಓಟು ತಡೆಯೋ ಹಾಗಿಲ್ಲ ಅಂತಾಯ್ತು. ಹೆಂಗಸರಿಗೆ 1920ರಲ್ಲಿ, 19ನೇ ತಿದ್ದುಪಡಿ. ಆದ್ರೆ ಮಿಸಿಸಿಪ್ಪಿ ಅನ್ನೋ ರಾಜ್ಯ 1890ರಲ್ಲಿ ತನ್ನದೇ ಸಂವಿಧಾನ ಮಾಡ್ಕೊಂಡು ಓಟಿಗೆ ಎರಡು ಡಾಲರ್ ತೆರಿಗೆ, ಜೊತೆಗೆ ಸಂವಿಧಾನದ ಒಂದು ಭಾಗ ಓದ್ಬೇಕು, ಇಲ್ಲಾ ಓದಿ ಹೇಳಿದ್ದಕ್ಕೆ ಅರ್ಥ ಹೇಳ್ಬೇಕು ಅಂತ ಹಾಕಿತು. ಕಾನೂನಲ್ಲಿ ಬಣ್ಣದ ಹೆಸ್ರೇ ಇಲ್ಲ, ಪ್ರಶ್ನೆ ಕೇಳೋನು ಕೌಂಟರಲ್ಲಿ ಕೂತ ಬಿಳಿ ಗುಮಾಸ್ತ, ಪಾಸ್ ಫೇಲ್ ಅವನ ಕೈಲಿ.

ಅದರ ಕೆಳಗೆ ಫ್ಯಾನಿ ಲೂ ಹ್ಯಾಮರ್ ಅಂತ ಒಬ್ರ ಹೆಸ್ರು. ಅಕ್ಕ ಕೆಲ್ಸ ನಿಲ್ಲಿಸಿ ಇವ್ರ ಕಥೆ ಹೇಳಿದ್ರು, ನಾನು ಅಜ್ಜಿಗೆ ಅರ್ಥ ಆಗೋ ಹಾಗೆ ಹೇಳ್ದೆ. ಮಿಸಿಸಿಪ್ಪೀಲಿ ಹತ್ತಿ ತೋಟದ ಕೆಲ್ಸದವ್ರು, ಇಪ್ಪತ್ತು ಮಕ್ಕಳಲ್ಲಿ ಕೊನೆಯವ್ರು, ಆರನೇ ವಯಸ್ಸಿಂದ ಹತ್ತಿ ಬಿಡಿಸಿದವ್ರು. ಓದು ಬರ್ತಿದೆ ಅಂತ ಗೊತ್ತಾದ ಮೇಲೆ ತೋಟದವ್ರು ಅವ್ರಿಗೆ ಹಾಜರಿ, ತೂಕ ಬರೆಯೋ ಕೆಲ್ಸ ಕೊಟ್ರು. ಅಂದ್ರೆ ನಮ್ಮ ಭಾಷೇಲಿ ರೈಟರ್, ನನ್ನ ಕೆಲ್ಸಾನೇ. 1962ರ ಆಗಸ್ಟ್ 31ಕ್ಕೆ ಇನ್ನೂ ಹದಿನೇಳು ಜನದ ಜೊತೆ ಬಸ್ಸಲ್ಲಿ ಇಂಡಿಯನೋಲಾ ಅನ್ನೋ ಪೇಟೆಗೆ ಓಟರ್ ಲಿಸ್ಟಿಗೆ ಹೆಸ್ರು ಸೇರ್ಸೋಕೆ ಹೋದ್ರು. ಕೌಂಟರಲ್ಲಿ ಅವ್ರಿಗೆ ಕಾನೂನಿನ ಒಂದು ಕಷ್ಟದ ಭಾಗ ಕೊಟ್ಟು ಅರ್ಥ ಬರೆಯಿರಿ ಅಂದ್ರು, ಫೇಲ್ ಮಾಡಿದ್ರು. ವಾಪಸ್ ಬರೋವಾಗ ಬಸ್ಸಿನ ಹಳದಿ ಬಣ್ಣ ಜಾಸ್ತಿಯಾಯ್ತು ಅಂತ ಪೊಲೀಸರು ಫೈನ್ ಹಾಕಿದ್ರು. ಅದೇ ಸಂಜೆ ತೋಟದ ಮಾಲೀಕ ಬಂದು, ಅರ್ಜಿ ವಾಪಸ್ ತಗೋ, ಇಲ್ಲಾಂದ್ರೆ ತೋಟ ಬಿಡು ಅಂದ. ನಾನು ನಿಮಗೋಸ್ಕರ ಹೋಗಿದ್ದಲ್ಲ, ನನಗೋಸ್ಕರ ಹೋಗಿದ್ದು ಅಂತ ಹೇಳಿ, ಹದಿನೆಂಟು ವರ್ಷ ದುಡಿದ ತೋಟನ ಆ ರಾತ್ರಿನೇ ಬಿಟ್ಟು ಹೋದ್ರು.

ಅಜ್ಜಿ ಕೇಳಿದ್ದು ಒಂದೇ ಮಾತು, "ಆಮೇಲೆ ಅವ್ಳಿಗೆ ಓಟು ಸಿಕ್ತಾ?"

ಸಿಕ್ತು. ಮತ್ತೆ ಹೋಗಿ 1963ರ ಜನವರೀಲಿ ಪಾಸಾದ್ರು. ಅದೇ ವರ್ಷ ಜೈಲಲ್ಲಿ ಪೊಲೀಸರು ಹೊಡೆಸಿದ ಏಟಿಗೆ ಜೀವನಪೂರ್ತಿ ನೋವು ತಿಂದ್ರು. 1965ರ ಮಾರ್ಚ್ 7ಕ್ಕೆ ಅಲಬಾಮದ ಸೆಲ್ಮಾ ಊರಿನ ಸೇತುವೆ ಮೇಲೆ ಓಟಿನ ಹಕ್ಕು ಕೇಳ್ಕೊಂಡು ನಡೆದವ್ರ ಮೇಲೆ ಪೊಲೀಸರು ಲಾಠಿ ಬೀಸಿದ್ದನ್ನ ಇಡೀ ದೇಶ ಟಿವೀಲಿ ನೋಡಿತು, ಆ ಆಗಸ್ಟ್ 6ಕ್ಕೆ ಅಧ್ಯಕ್ಷ ಲಿಂಡನ್ ಜಾನ್ಸನ್ ಓಟಿನ ಹಕ್ಕಿನ ಕಾಯ್ದೆಗೆ ಸಹಿ ಹಾಕಿದ್ರು. ಓದಿಸೋ ಪರೀಕ್ಷೆಗಳನ್ನ ಅಂಥ ರಾಜ್ಯಗಳಲ್ಲಿ ನಿಲ್ಲಿಸಿದ್ರು, ಕೆಲವು ಕಡೆ ಕೌಂಟರಿಗೆ ಕೇಂದ್ರದಿಂದಲೇ ಜನ ಕಳಿಸಿದ್ರು, ಆ ರಾಜ್ಯಗಳು ಓಟಿನ ನಿಯಮ ಏನೇ ಬದಲಾಯಿಸಿದ್ರೂ ಮೊದಲು ಕೇಂದ್ರದ ಒಪ್ಪಿಗೆ ತಗೋಬೇಕು ಅಂತ ಮಾಡಿದ್ರು. ಮಿಸಿಸಿಪ್ಪೀಲಿ ಅದಕ್ಕೂ ಮುಂಚೆ ನೂರು ಜನ ಕರಿಯರಲ್ಲಿ ಏಳು ಜನದ ಹೆಸ್ರೂ ಲಿಸ್ಟಲ್ಲಿರ್ಲಿಲ್ಲ, ಎರಡು ವರ್ಷದಲ್ಲಿ ಅರವತ್ತರ ಹತ್ರ ಹೋಯ್ತು. ಕಾನೂನು 1870ರಿಂದಾನೂ ಇತ್ತಲ್ಲ, 95 ವರ್ಷ ಏನಾಗಿತ್ತು ಅಂದ್ರೆ ಕೌಂಟರಲ್ಲಿ ಕೂತೋನು ಬದಲಾಗಿರ್ಲಿಲ್ಲ. ಈ ಮಾತು ಹೇಳೋವಾಗ ಅಕ್ಕ ತಮ್ಮ ಕೌಂಟರ್ ಮೇಲೆ ಬೆರಳಿಂದ ಎರಡು ಸಲ ಕುಟ್ಟಿದ್ರು. 2013ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಶೆಲ್ಬಿ ಕೌಂಟಿ ಕೇಸಲ್ಲಿ 5-4ರ ತೀರ್ಪು ಕೊಟ್ಟು ಆ ಒಪ್ಪಿಗೆ ತಗೋಳೋ ಪದ್ಧತಿ ನಡೀದೇ ಇರೋ ಹಾಗೆ ಮಾಡಿತು ಅಂತಾನೂ ಚಾರ್ಟಿನ ಕೊನೇಲಿ ಕೆಂಪು ಪೆನ್ನಲ್ಲಿದೆ.

ಅಜ್ಜಿ ಹೆಬ್ಬೆಟ್ಟು ಒತ್ತಿದ್ರು, ಗಟ್ಟಿಯಾಗಿ, ಗೆರೆ ಗೆರೆ ಬೀಳೋ ಹಾಗೆ. ಕಾಫಿ ಕುಯ್ದು ಕುಯ್ದು ಅವ್ರ ಬೆರಳಿನ ಗೆರೆ ಸವೆದಿದೆ, ಬ್ಯಾಂಕಿನ ಮಿಷನ್ ಎಷ್ಟೋ ಸಲ ತಗೊಳಲ್ಲ, ಕಾಗದದ ಮೇಲೆ ಮಾತ್ರ ಚೆನ್ನಾಗಿ ಬಿತ್ತು.

ಹದಿನೈದು ದಿನಕ್ಕೆ ಬಿಎಲ್‌ಓ ಮೇಡಂ ಲೈನಿಗೆ ಬಂದ್ರು, ಒಲೆ, ಪಾತ್ರೆ, ಕೋಳಿಗೂಡು ನೋಡಿದ್ರು, ಪಕ್ಕದ ಮನೆಯವ್ರನ್ನ ಕೇಳಿ ಬರ್ಕೊಂಡು ಹೋದ್ರು. ಕಾರ್ಡ್ ಪೋಸ್ಟಲ್ಲಿ ತೋಟದ ಆಫೀಸಿಗೇ ಬಂತು.

ಆಮೇಲೆ ನಮ್ಮ ಲೈನಿಂದ ಹನ್ನೊಂದು ಜನನ ಕರ್ಕೊಂಡು ಹೋದೆ. ಅದರಲ್ಲಿ ಮೇಸ್ತ್ರಿ ಸೊಸೆ ವಿಷಯ ಹೇಳ್ಲೇಬೇಕು. ಗಂಡನ ಹೆಸ್ರೇನಮ್ಮ ಅಂದ್ರೆ ಬಾಯಿ ಬಿಡಲ್ಲ, ನಮ್ಮ ಕಡೆ ಈಗ್ಲೂ ಸುಮಾರು ಹೆಂಗಸ್ರು ಗಂಡನ ಹೆಸ್ರು ಹೇಳಲ್ಲ. ಅಕ್ಕ ಒತ್ತಾಯ ಮಾಡ್ಲಿಲ್ಲ, ಒಂದು ಚೀಟಿ ಕೊಟ್ಟು ಬರೀರಿ ಅಂದ್ರು, ಅದಕ್ಕೂ ನಾಚಿಕೊಂಡಾಗ ಅಪ್ಪನ ಹೆಸ್ರೋ ಅಮ್ಮನ ಹೆಸ್ರೋ ಹಾಕ್ಬಹುದು, ಗಂಡಂದೇ ಬೇಕು ಅಂತಿಲ್ಲ ಅಂದ್ರು. ಅವ್ಳು ತಕ್ಷಣ ತಮ್ಮಮ್ಮನ ಹೆಸ್ರು ಹೇಳಿದ್ಲು, ಎಷ್ಟು ಜೋರಾಗಿ ಅಂದ್ರೆ ಮೆಟ್ಲಲ್ಲಿ ನಿಂತೋರೆಲ್ಲ ತಿರುಗಿ ನೋಡಿದ್ರು. ಮೊದಲ ಎಲೆಕ್ಷನ್‌ನಲ್ಲಿ ಇದೇ ವಿಷಯಕ್ಕೆ ದೇಶದಲ್ಲಿ ಸುಮಾರು 28 ಲಕ್ಷ ಹೆಂಗಸರ ಹೆಸ್ರು ಹೊಡೆದು ಹಾಕಿದ್ರಂತೆ, ಇಂಥವ್ರ ಹೆಂಡ್ತಿ, ಇಂಥವ್ರ ತಾಯಿ ಅಂತ ಬರೆಸಿದ್ರೇ ಹೊರತು ತಮ್ಮ ಸ್ವಂತ ಹೆಸ್ರು ಹೇಳಿರ್ಲಿಲ್ಲ. ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಹೆಸ್ರಿಲ್ದೆ ಲಿಸ್ಟಿಗೆ ಸೇರ್ಸಲ್ಲ ಅಂತ ಗಟ್ಟಿಯಾಗಿ ನಿಂತ್ರು. ಅಷ್ಟು ಜನಕ್ಕೆ ಆ ಸಲ ಓಟು ತಪ್ಪಿತಲ್ಲ ಅಂತ ನನಗೆ ಸಂಕಟ ಆಯ್ತು, ಅಕ್ಕನಿಗೆ ಸೇನ್ ಮಾಡಿದ್ದು ಸರಿ ಅನ್ಸುತ್ತೆ, ಮುಂದಿನ ಸಲ ಬಂದು ಹೆಸ್ರು ಹೇಳಿದ್ರಲ್ಲ ಅಂತಾರೆ. ಈ ವಿಷಯದಲ್ಲಿ ನಮ್ಮಿಬ್ರಿಗೂ ಇನ್ನೂ ಒಪ್ಪಿಗೆ ಆಗಿಲ್ಲ.

ಅಸ್ಸಾಮಿಂದ ಬಂದ ಹುಡುಗ್ರು ಈಗ ಎಲ್ಲಾ ತೋಟದಲ್ಲೂ ಇದ್ದಾರೆ, ಅವ್ರೂ ಬರ್ತಾರೆ ಇಲ್ಲಿಗೆ. ಅಕ್ಕ ಅವ್ರನ್ನೂ ಕೂರಿಸಿ ಅರ್ಧ ಹಿಂದೀಲಿ ಕೇಳ್ತಾರೆ, ವರ್ಷ ಪೂರ್ತಿ ಇಲ್ಲೇ ಇರ್ತೀರಾ, ಕುಯ್ಲು ಮುಗಿಸಿ ಊರಿಗೆ ಹೋಗ್ತೀರಾ ಅಂತ. ಸ್ವಲ್ಪ ದಿನ ಊರು ಬಿಟ್ಟು ಬಂದ್ರೆ ಅಲ್ಲಿನ ಓಟು ಹೋಗಲ್ಲ, ಎರಡು ಕಡೆ ಇಟ್ಕೊಳೋ ಹಾಗೂ ಇಲ್ಲ. ಊರಿನ ಲಿಸ್ಟಲ್ಲಿ ಹೆಸ್ರಿದ್ರೆ ಅದನ್ನ ಸುಮ್ಮನೆ ಬಿಟ್ಕೊಡ್ಬೇಡಿ ಅಂತಾನೂ ಹೇಳ್ತಾರೆ. 1995ರಲ್ಲಿ ಲಾಲ್ ಬಾಬು ಹುಸೇನ್ ಕೇಸಲ್ಲಿ ಸುಪ್ರೀಂ ಕೋರ್ಟ್, ಮುಂಬೈ ದೆಹಲಿಯ ಬಡವರ ಏರಿಯಾಗಳಲ್ಲಿ ಪೊಲೀಸ್ ರಿಪೋರ್ಟ್ ಇಟ್ಕೊಂಡು ರಾಶಿ ರಾಶಿ ನೋಟಿಸ್ ಕೊಟ್ಟಿದ್ದನ್ನ ತಡೆದು, ಮುಂಚಿನ ಲಿಸ್ಟಲ್ಲಿ ಹೆಸ್ರಿರೋದಕ್ಕೆ ಬೆಲೆ ಕೊಡ್ಬೇಕು, ಅವ್ರ ಕಾಗದ ನೋಡಿ ಮಾತು ಕೇಳಿ ತೀರ್ಮಾನ ಮಾಡ್ಬೇಕು ಅಂದಿದೆಯಂತೆ.

2016ರ ಡಿಸೆಂಬರಲ್ಲಿ ಕೊಡಗಿನ ದಿಡ್ಡಳ್ಳಿಯಿಂದ ಎಬ್ಬಿಸಿದ್ದ ಹಾಡಿಯ ಬುಡಕಟ್ಟು ಜನಕ್ಕೆ ಆಮೇಲೆ ಬಸವನಹಳ್ಳಿ, ಬ್ಯಾಡಗೊಟ್ಟದಲ್ಲಿ ಮನೆ ಕೊಟ್ರಲ್ಲ, ಅವ್ರ ಕಡೆಯವ್ರೂ ಕೆಲವ್ರು ಅಡ್ರೆಸ್ ಬದಲಾವಣೆಗೆ ಇಲ್ಲಿಗೇ ಬಂದಿದ್ರು, ನಾನೇ ನೋಡಿದ್ದೀನಿ. ಅದಕ್ಕೆ ಫಾರಂ 8. ಅಡ್ರೆಸ್, ಹೆಸ್ರಿನ ತಪ್ಪು, ಹೊಸ ಕಾರ್ಡು ಎಲ್ಲದಕ್ಕೂ ಅದೊಂದೇ.

ಈಗ ನನ್ನದೇ ಒಂದು ತಪ್ಪು. ಆ 2023ರ ಮೇ 10ಕ್ಕೆ ಓಟು ಹಾಕೋಕೆ ಹೋದವ್ರಿಗೆಲ್ಲ ನಾನು ಹಾಜರಿ ಪುಸ್ತಕದಲ್ಲಿ ಗೈರು ಅಂತ ಬರೆದಿದ್ದೆ. ಅಜ್ಜಿಗೂ. ಓಟೂ ಇಲ್ಲ, ಆ ದಿನದ ಸಂಬಳಾನೂ ಇಲ್ಲ. ವರ್ಷಾನುಗಟ್ಲೆ ಹಾಗೇ ನಡ್ಕೊಂಡು ಬಂದಿತ್ತು, ನಾನು ಕೇಳೋಕೇ ಹೋಗಿರ್ಲಿಲ್ಲ. ಮೂರನೇ ಸಲ ಅಂಗಡಿಗೆ ಹೋದಾಗ ಮಾತಿನ ಮಧ್ಯ ಇದನ್ನ ಹೇಳ್ದೆ. ಅಕ್ಕ ಏನೂ ಬೈಲಿಲ್ಲ, ಒಂದು ಹಾಳೆ ಪ್ರಿಂಟ್ ತೆಗೆದು ಕೈಗೆ ಕೊಟ್ರು. 1951ರ ಜನಪ್ರತಿನಿಧಿ ಕಾಯ್ದೆ, ಸೆಕ್ಷನ್ 135 ಬಿ. ಓಟಿರೋ ಪ್ರತಿಯೊಬ್ಬ ಕೆಲ್ಸದವ್ರಿಗೂ ಎಲೆಕ್ಷನ್ ದಿನ ರಜೆ ಕೊಡ್ಬೇಕು, ಆ ರಜೆಗೆ ಸಂಬಳ ಹಿಡಿಯೋ ಹಾಗಿಲ್ಲ, ದಿನಗೂಲಿಯವ್ರು, ಬಾರದ ದಿನ ಸಂಬಳ ಇಲ್ಲ ಅನ್ನೋ ಲೆಕ್ಕದಲ್ಲಿ ದುಡಿಯೋರಿಗೂ ಕೊಡ್ಬೇಕು. ಕೊಡ್ದಿದ್ರೆ ಮಾಲೀಕರಿಗೆ 500 ರೂಪಾಯಿವರೆಗೆ ದಂಡ. ದಂಡ ಸಣ್ಣದು, ಒಪ್ತೀನಿ, ಆದ್ರೆ ಆ ಸಾಲು ಓದಿದ ರಾತ್ರಿ ನನಗೆ ನಿದ್ದೆ ಹತ್ಲಿಲ್ಲ. ಮಿಸಿಸಿಪ್ಪೀಲಿ ಹಾಜರಿ ಬರೀತಿದ್ದ ಆಯಮ್ಮ ತೋಟಾನೇ ಬಿಟ್ಟು ಹೋದ್ರು, ನಾನು ಅದೇ ಕೆಲ್ಸದಲ್ಲಿ ಕೂತು ಗೈರು ಅಂತ ಬರೀತಿದ್ದೆ.

ಆ ಹಾಳೇನ ಸಾವ್ಕಾರ್ರಿಗೆ ತೋರಿಸಿದೆ. ಓದಿದ್ರು, ಕನ್ನಡಕ ತೆಗೆದ್ರು, ಮತ್ತೆ ಹಾಕ್ಕೊಂಡು ಓದಿದ್ರು. ಇದು ನಮಗೂ ಬರುತ್ತಾ ಅಂತ ಕೇಳಿದ್ರು, ಬರುತ್ತೆ ಸಾರ್ ಅಂದೆ. ಹಾಗಾದ್ರೆ ಮುಂದಿನ ಸಲ ಹಾಕ್ಬಿಡು ಅಂದ್ರು. 2024ರ ಏಪ್ರಿಲ್ 26ಕ್ಕೆ ಲೋಕಸಭೆ ಎಲೆಕ್ಷನ್, ಕಾಫಿ ಹೂ ಬಿಡೋಕೆ ಬೇಕಾದ ಹೂ ಮಳೆ ಬರ್ಲಿ ಅಂತ ಆಕಾಶ ನೋಡ್ಕೊಂಡಿದ್ದ ದಿನಗಳು. ಹಾಜರಿ ಪುಸ್ತಕದಲ್ಲಿ ಮೂವತ್ತೆರಡು ಹೆಸ್ರಿನ ಮುಂದೆ ಸಂಬಳದ ರಜೆ ಅಂತ ನನ್ನ ಕೈಯಾರೆ ಬರೆದೆ. ಅಜ್ಜಿ ಅದೇ ಸೀರೆ ಉಟ್ಟಿದ್ರು. ವಾಪಸ್ ಬಂದು ಎಡಗೈ ಬೆರಳಿನ ಶಾಯಿನ ಲೈನಿನ ಮಕ್ಕಳಿಗೆಲ್ಲ ತೋರಿಸಿದ್ರು. ಆ ಶಾಯಿ ಮೈಸೂರಲ್ಲೇ ತಯಾರಾಗೋದು, 1962ರಿಂದ ದೇಶಕ್ಕೆಲ್ಲ ಅಲ್ಲಿಂದ್ಲೇ ಹೋಗೋದು ಅಂತ ಹೇಳ್ದಾಗ ಅಜ್ಜಿ ನಂಬ್ಲೇ ಇಲ್ಲ.

ಈಗ ಅಂಗಡಿಯ ಕೊರತೆಗಳು, ಅದನ್ನೂ ಬರೀಬೇಕು. ಮೆಟ್ಲು ಬಹಳ ಕಡಿದು, ಮಂಡಿ ನೋವಿರೋ ವಯಸ್ಸಾದವ್ರಿಗೆ ಕಷ್ಟ, ಕೆಳಗೆ ನಿಂತು ಫೋನ್ ಮಾಡಿದ್ರೆ ಅಕ್ಕ ಇಳಿದು ಬರ್ತಾರೆ ಆದ್ರೆ ಅಷ್ಟೊತ್ತು ಮೇಲಿರೋರು ಕಾಯ್ಬೇಕು. ಇರೋದು ಒಂದೇ ಪ್ರಿಂಟರ್, ಮಳೆಗಾಲದಲ್ಲಿ ಕರೆಂಟ್ ಹೋದ್ರೆ ಯುಪಿಎಸ್ ಇಪ್ಪತ್ತು ನಿಮಿಷನೂ ಬರಲ್ಲ, ಜುಲೈ ಆಗಸ್ಟಲ್ಲಿ ನೆಟ್‌ವರ್ಕ್ ಅನ್ನೋದು ದೇವರಿಗೇ ಪ್ರೀತಿ. ನಮ್ಮ ಲೈನಿನ ಒಬ್ಬ ಹುಡುಗನ ಹೆಸ್ರಿನ ಕೊನೇ ಅಕ್ಷರ ಇಂಗ್ಲಿಷಿಂದ ಕನ್ನಡಕ್ಕೆ ತಾನಾಗೇ ಬದಲಾಗೋವಾಗ ತಪ್ಪಾಗಿ ಬಂತು, ಅಕ್ಕ ಗಮನಿಸ್ಲಿಲ್ಲ, ನಾವೂ ನೋಡ್ಲಿಲ್ಲ, ಸರಿ ಮಾಡ್ಸೋಕೆ ಮತ್ತೆ ಫಾರಂ 8 ಹಾಕಿ ಎರಡು ತಿಂಗಳು ಕಾಯ್ಬೇಕಾಯ್ತು. ಸಬ್‌ಮಿಟ್ ಒತ್ತೋ ಮುಂಚೆ ಸ್ಕ್ರೀನ್ ತಿರುಗ್ಸಿ ಒಂದು ಸಲ ತೋರಿಸಿ ಅಂತ ನೀವೇ ಕೇಳಿ, ಈಗ ಅವ್ರೂ ಅದನ್ನ ರೂಢಿ ಮಾಡ್ಕೊಂಡಿದ್ದಾರೆ. ಮಗಳು ಸ್ಕೂಲಿಂದ ಬರೋ ಹೊತ್ತಿಗೆ, ಅಂದ್ರೆ ನಾಲ್ಕು ಗಂಟೆಗೆ, ಅಂಗಡಿ ಮುಚ್ತಾರೆ, ತೋಟದ ಕೆಲ್ಸ ಬಿಟ್ಟು ಬರೋರಿಗೆ ಆ ಟೈಮ್ ಆಗಿಬರಲ್ಲ. ಸಂತೆ ದಿನ ಮಾತ್ರ ಆರರವರೆಗೂ ಇರುತ್ತೆ, ಆದ್ರೆ ಆವತ್ತು ಮೆಟ್ಲವರೆಗೂ ಕ್ಯೂ.

ಐದಕ್ಕೆ ನಾಲ್ಕೂವರೆ ಕೊಡ್ತೀನಿ, ಅರ್ಧ ಕಮ್ಮಿ ಆಗಿದ್ದು ಆ ಮೆಟ್ಲಿಗೆ.

ಹೋಗೋರು ಆಧಾರ್ ಇದ್ರೆ ತಗೊಂಡು ಹೋಗಿ, ಇಲ್ದಿದ್ರೆ ಹಾಗೇ ಹೋಗಿ, ಫೋಟೋ ಅಲ್ಲೇ ತೆಗೀತಾರೆ. 18 ತುಂಬೋ ಮಕ್ಕಳಿದ್ರೆ ಜನವರಿ 1ಕ್ಕೇ ಕಾಯ್ಬೇಕಿಲ್ಲ, ಈಗ ಏಪ್ರಿಲ್, ಜುಲೈ, ಅಕ್ಟೋಬರ್ 1ರ ಲೆಕ್ಕನೂ ಇದೆ. 21 ಇದ್ದ ವಯಸ್ಸು 18ಕ್ಕೆ ಇಳಿದಿದ್ದು 1989ರಲ್ಲಿ, 61ನೇ ತಿದ್ದುಪಡಿಯಿಂದ, ಅದೂ ಚಾರ್ಟಲ್ಲಿದೆ, ಮಕ್ಕಳಿಗೆ ಓದಿಸಿ. ಅರ್ಜಿ ವಜಾ ಆದ್ರೆ ಡಿಸಿ ಹತ್ರ ಅಪೀಲ್ ಹೋಗ್ಬಹುದು, ಅದರ ಕಾಗದನೂ ಅಕ್ಕ ಬರ್ಕೊಡ್ತಾರೆ. ಬೇರೆ ತೋಟದ ರೈಟರ್‌ಗಳು ಯಾರಾದ್ರೂ ಇದನ್ನ ಓದ್ತಿದ್ರೆ, ಹೋದಾಗ 135 ಬಿ ಹಾಳೆ ಕೊಡಿ ಅಂತ ಕೇಳಿ. ಪ್ರಿಂಟರ್ ಪಕ್ಕದ ರಟ್ಟಿನ ಡಬ್ಬೀಲಿ ಮೊದಲೇ ತೆಗೆದಿಟ್ಟಿರ್ತಾರೆ, ಅದಕ್ಕೆ ಎರಡು ರೂಪಾಯಿನೂ ತಗೊಳಲ್ಲ.